ಟೆಕ್ಸಸ್‌ನ ಎರಡು ಮನೆ, ಜೂನ್ 1938

ಮೊದಲನೆಯ ಚಿತ್ರದಲ್ಲಿ ಕಣ್ಣು ತುಂಬುವುದು ನೆಲ. ಉಳುಮೆಯ ಸಾಲುಗಳು ಚೌಕಟ್ಟಿನ ಬುಡದಿಂದಲೇ ಹೊರಟು, ಒಂದರ ಪಕ್ಕ ಒಂದು ಬಾಗುತ್ತ, ದೂರದಲ್ಲಿರುವ ಪುಟ್ಟ ಮರದ ಮನೆಯತ್ತ ಓಡುತ್ತವೆ. ಮನುಷ್ಯರಿಲ್ಲ, ದನಕರುಗಳಿಲ್ಲ. ಸ್ವಲ್ಪ ಹೊತ್ತು ನೋಡಿದರೆ ಆ ಮನೆಗೆ ಅಂಗಳವೇ ಇಲ್ಲ ಎಂಬುದು ಹೊಳೆಯುತ್ತದೆ. ಹಿತ್ತಲಿರಬೇಕಾದ ಜಾಗ, ಕೋಳಿ ಓಡಾಡಬೇಕಾದ ಜಾಗ, ಬಾಗಿಲಿಗೆ ಬರುವ ಕಾಲುದಾರಿ ಎಲ್ಲವೂ ಹೊಲವಾಗಿವೆ. ಮನೆಯನ್ನು ಕೆಡವುವ ಗೋಜಿಗೂ ಯಾರೂ ಹೋಗಿಲ್ಲ, ಸುತ್ತ ಉತ್ತು ಮುಂದೆ ಹೋಗಿದ್ದಾರೆ.

ಎರಡನೆಯ ಚಿತ್ರದ ಮನೆಯ ಸುತ್ತ ಇರುವುದು ಸತ್ತ ಭೂಮಿ. ಗಾಳಿ ತಂದು ಸುರಿದ ಮಣ್ಣು, ಹಸಿರಿನ ಸುಳಿವೂ ಇಲ್ಲದ ಬಯಲು. ಬಿಟ್ಟುಹೋದ ಮನೆ ಹೇಗಿರುತ್ತದೆ ಎಂದು ಕೇಳಿದರೆ ಯಾರಾದರೂ ಇದನ್ನೇ ತೋರಿಸಿಯಾರು.

ಎರಡನ್ನೂ ತೆಗೆದವರು ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್. ಎರಡೂ ಟೆಕ್ಸಸ್ ರಾಜ್ಯದ ಉತ್ತರ ಭಾಗದವು, ಎರಡೂ 1938ರ ಜೂನ್ ತಿಂಗಳವು. ಮೊದಲನೆಯದು ಚಿಲ್ಡ್ರೆಸ್ ಕೌಂಟಿಯದು, ಎರಡನೆಯದು ಅಲ್ಲಿಂದ ಸುಮಾರು 300 ಕಿ.ಮೀ. ದೂರದ ಡಾಲ್ಹಾರ್ಟ್ ಊರಿನ ಉತ್ತರಕ್ಕಿರುವ ಕೋಲ್ಡ್‌ವಾಟರ್ ಪ್ರದೇಶದ್ದು. ಮೊದಲನೆಯದಕ್ಕೆ ಅವರು ಕೊಟ್ಟ ಅಡಿಬರಹದ ಸಾರ ಇಷ್ಟು: ಪಶ್ಚಿಮದ ಒಣ ಹತ್ತಿ ಸೀಮೆಯಲ್ಲಿ ಯಂತ್ರದ ಬೇಸಾಯ ಗೇಣಿದಾರರನ್ನು ಭೂಮಿಯಿಂದ ಹೊರಹಾಕುತ್ತಿದೆ. ಎರಡನೆಯದರ ಅಡಿಬರಹ ಹೇಳುವುದೇ ಬೇರೆ: ಈ ಮನೆಯಲ್ಲಿ ಜನರಿದ್ದಾರೆ, ಈ ಪ್ರದೇಶದ ಉಳಿದ ಬಹುಪಾಲು ಮನೆಗಳು ಬಿಟ್ಟುಹೋದವು.

ಅಂದರೆ ಫಲವತ್ತಾಗಿ ಕಾಣುವ ಹೊಲದ ನಡುವಿನ ಮನೆ ಖಾಲಿ, ಧೂಳಿನಲ್ಲಿ ಹೂತ ಮನೆಯಲ್ಲಿ ಸಂಸಾರ ನಡೆದಿದೆ. ಆರ್ಥಿಕ ಸಂಕಷ್ಟದ ಕಾಲದ ಹಾಳು ಮನೆಗಳ ಛಾಯಾಗ್ರಹಣದ ಬಗ್ಗೆ ಮಾತಾಡುವಾಗಲೆಲ್ಲ ನಾನು ಈ ಜೋಡಿಯನ್ನೇ ಮುಂದಿಡುತ್ತೇನೆ. ಮನೆಯ ಮುಖ ನೋಡಿ ಕಥೆ ಕಟ್ಟುವ ನಮ್ಮ ಚಾಳಿಯನ್ನು ಇಷ್ಟು ಚೆನ್ನಾಗಿ ಬಯಲಿಗೆಳೆಯುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಇವು ಪತ್ರಿಕೆಗಾಗಿ ತೆಗೆದ ಚಿತ್ರಗಳಲ್ಲ, ಸರ್ಕಾರಿ ಕೆಲಸದ ಭಾಗ. ಅಧ್ಯಕ್ಷ ರೂಸ್‌ವೆಲ್ಟ್ ಆಡಳಿತ 1935ರಲ್ಲಿ ಬಡ ರೈತರ ಪುನರ್ವಸತಿಗೆಂದು ರೀಸೆಟ್ಲ್‌ಮೆಂಟ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆ ತೆರೆಯಿತು. 1937ರಲ್ಲಿ ಅದು ಕೃಷಿ ಇಲಾಖೆಯೊಳಗೆ ಸೇರಿ, ಅದೇ ವರ್ಷ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂಬ ಹೆಸರು ಪಡೆಯಿತು. ಅದರ ಛಾಯಾಚಿತ್ರ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್‌ಗೆ ಸ್ವತಃ ಕ್ಯಾಮೆರಾ ಕೆಲಸ ಬರುತ್ತಿರಲಿಲ್ಲ, ಅವರು ಅರ್ಥಶಾಸ್ತ್ರದ ಮೇಷ್ಟ್ರು. ವಾಕರ್ ಇವಾನ್ಸ್, ಆರ್ಥರ್ ರಾತ್‌ಸ್ಟೀನ್, ರಸೆಲ್ ಲೀ, ಮ್ಯಾರಿಯನ್ ಪೋಸ್ಟ್ ವೋಲ್ಕಾಟ್ ಮುಂತಾದವರನ್ನು ಅವರು ದೇಶದ ಮೂಲೆಮೂಲೆಗೆ ಕಳಿಸಿದರು. ಎಲ್ಲಿಗೆ ಹೋಗಬೇಕು, ಏನೇನು ನೋಡಬೇಕು ಎಂದು ಉದ್ದುದ್ದ ಪಟ್ಟಿ ಬರೆದು ಕೈಗಿಡುತ್ತಿದ್ದರು. ಬಂದ ಚಿತ್ರಗಳು ಪತ್ರಿಕೆಗಳಿಗೆ ಪುಕ್ಕಟೆ ಸಿಗುತ್ತಿದ್ದವು. ರೈತರ ಸ್ಥಿತಿಯನ್ನು ಪಟ್ಟಣದ ಜನಕ್ಕೆ ತೋರಿಸಿ, ಇಲಾಖೆಯ ಖರ್ಚಿಗೆ ಬೆಂಬಲ ಗಿಟ್ಟಿಸುವುದು ಉದ್ದೇಶ. ಪ್ರಚಾರ ಎಂದು ಬಯ್ದವರು ಆಗಲೂ ಇದ್ದರು, ಅವರ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಲ್ಯಾಂಗ್ ಈ ಕೆಲಸಕ್ಕೆ ಬರುವ ಮುಂಚೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟುಡಿಯೊ ಇಟ್ಟುಕೊಂಡು ಸಿರಿವಂತರ ಭಾವಚಿತ್ರ ತೆಗೆಯುತ್ತಿದ್ದರು. ಏಳನೆಯ ವಯಸ್ಸಿನಲ್ಲಿ ಪೋಲಿಯೊ ಬಂದು ಬಲಗಾಲು ಕುಂಟು. 1935ರ ಕೊನೆಯಲ್ಲಿ ಬರ್ಕ್ಲಿಯ ಅರ್ಥಶಾಸ್ತ್ರಜ್ಞ ಪಾಲ್ ಟೇಲರ್ ಅವರನ್ನು ಮದುವೆಯಾದರು. ಈ ಮದುವೆಯನ್ನು ಖಾಸಗಿ ಸಂಗತಿ ಎಂದು ಪಕ್ಕಕ್ಕಿಡುವ ಹಾಗಿಲ್ಲ. ಟೇಲರ್ ವರ್ಷಗಟ್ಟಲೆ ವಲಸೆ ಕೂಲಿಕಾರರ ನಡುವೆ ಓಡಾಡಿ ಕೂಲಿ ದರ, ಸಾಲ, ಗೇಣಿ ಕರಾರುಗಳ ಲೆಕ್ಕ ಬರೆದಿಟ್ಟವರು. ಹಳ್ಳಿಗೆ ಹೋದರೆ ಅವರು ಜನರನ್ನು ಮಾತಿಗೆಳೆಯುವರು, ಇವರು ಚಿತ್ರ ತೆಗೆಯುವರು. ಆಮೇಲೆ ಕಾರಿಗೆ ಮರಳಿ, ಕೇಳಿದ ಮಾತು ಮರೆಯುವ ಮೊದಲೇ ಜನ ಆಡಿದ ಹಾಗೆಯೇ ಬರೆದುಕೊಳ್ಳುವರು. ಚಿಲ್ಡ್ರೆಸ್‌ನ ಖಾಲಿ ಮನೆಯ ಹಿಂದೆ ಈ ಅಭ್ಯಾಸವೆಲ್ಲ ಇದೆ. ಆ ಚಿತ್ರದಲ್ಲಿ ಜನ ಇಲ್ಲದಿದ್ದರೂ, ಜನರನ್ನು ಕೇಳದೆ ಅದು ಹುಟ್ಟುತ್ತಿರಲಿಲ್ಲ.

ಹಾಗಾದರೆ ಆ ಮನೆ ಖಾಲಿಯಾದದ್ದು ಹೇಗೆ? ಈ ಪ್ರಕರಣದ ತಿರುಳು ಇಲ್ಲಿದೆ.

1930ರ ಹೊತ್ತಿಗೆ ಟೆಕ್ಸಸ್‌ನ ಬೇಸಾಯಗಾರರಲ್ಲಿ ನೂರಕ್ಕೆ 60 ಮಂದಿ ಗೇಣಿದಾರರು. ಹತ್ತಿ ಸೀಮೆಯಲ್ಲಿ ಎರಡು ಬಗೆ. ಹೇಸರಗತ್ತೆ, ನೇಗಿಲು ಎಲ್ಲ ತಮ್ಮದೇ ಇದ್ದವರು ಹತ್ತಿಯಲ್ಲಿ ಕಾಲುಭಾಗ, ಕಾಳಿನಲ್ಲಿ ಮೂರನೇ ಒಂದು ಭಾಗ ಒಡೆಯನಿಗೆ ಅಳೆಯುತ್ತಿದ್ದರು. ದುಡಿಯುವ ಮೈ ಬಿಟ್ಟು ಬೇರೇನೂ ಇಲ್ಲದವರು ಅರ್ಧಪಾಲಿಗೆ ಉಳುತ್ತಿದ್ದರು. ಇಬ್ಬರಿಗೂ ವಾಸಕ್ಕೆ ಹೊಲದಲ್ಲೇ ಒಂದು ಮನೆ, ಹಿಂದೆ ಒಂದು ಕೈತೋಟ. ಗೇಣಿ ಹೋದರೆ ಮನೆಯೂ ಹೋಯಿತು.

1929ರಲ್ಲಿ ಪೌಂಡಿಗೆ 16-17 ಸೆಂಟ್ ಇದ್ದ ಹತ್ತಿ ಎರಡೇ ವರ್ಷದಲ್ಲಿ 6 ಸೆಂಟ್‌ಗೂ ಕೆಳಗಿಳಿಯಿತು. ಬೆಲೆ ಎತ್ತಬೇಕೆಂದರೆ ಬೆಳೆ ಕಡಿಮೆಯಾಗಬೇಕು ಎಂದು ಸರ್ಕಾರ ಯೋಚಿಸಿತು. 1933ರ ಮೇ ತಿಂಗಳಲ್ಲಿ ಕೃಷಿ ಹೊಂದಾಣಿಕೆ ಕಾಯ್ದೆ ಬಂತು. ಆ ಬೇಸಿಗೆಯಲ್ಲೇ, ಬೆಳೆದು ನಿಂತಿದ್ದ 1 ಕೋಟಿ ಎಕರೆಗೂ ಹೆಚ್ಚು ಹತ್ತಿಯನ್ನು ದುಡ್ಡು ಕೊಟ್ಟು ಉಳುಮೆ ಮಾಡಿಸಿ ಮಣ್ಣಿಗೆ ಸೇರಿಸಿದರು. ಮುಂದಿನ ವರ್ಷದಿಂದ, ಬಿತ್ತದೆ ಬಿಟ್ಟ ಎಕರೆಗೆ ಇಷ್ಟು ಎಂದು ಹಣ. ಆದರೆ ಹಣ ಯಾರ ಕೈಗೆ? ಕರಾರು ಭೂಮಾಲೀಕನ ಜತೆ. ಅದರಲ್ಲಿ ದೊಡ್ಡ ಪಾಲು ಅವನಿಗೆ, ಸಣ್ಣದೊಂದು ಪಾಲು ಗೇಣಿದಾರನಿಗೆ ಹಂಚಿಕೆ ಆಗಬೇಕು. ಗೇಣಿದಾರನೇ ಇಲ್ಲದೆ ಕೂಲಿಯಾಳು ಮಾತ್ರ ಇದ್ದರೆ ಹಂಚುವ ಪ್ರಶ್ನೆಯೇ ಇಲ್ಲ. ಭೂಸುಧಾರಣೆಗೆ ಮುಂಚೆ ನಮ್ಮಲ್ಲಿ 'ಸ್ವಂತ ಸಾಗುವಳಿ' ಎಂಬ ಹೆಸರಲ್ಲಿ ಗೇಣಿದಾರರನ್ನು ಬಿಡಿಸಿದ ಕಥೆ ಮನೆಯಲ್ಲಿ ಕೇಳಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದಷ್ಟು ಮಟ್ಟಿಗೆ ಗೇಣಿದಾರರ ಸಂಖ್ಯೆಯನ್ನು ಇಳಿಸಕೂಡದು ಎಂದು ಕರಾರಿನಲ್ಲಿ ಬರೆದೇನೋ ಇತ್ತು. ಸಂಖ್ಯೆ ಉಳಿದರೆ ಸಾಕೋ, ಅದೇ ಜನ ಉಳಿಯಬೇಕೋ ಎಂಬ ಜಗಳ ವಾಷಿಂಗ್ಟನ್ನಿನ ಕೃಷಿ ಇಲಾಖೆಯೊಳಗೇ ಎದ್ದಿತು. ಅದೇ ಜನ ಉಳಿಯಬೇಕು ಎಂದು ಅರ್ಥ ಮಾಡಿದ ಕಾನೂನು ವಿಭಾಗದ ಜೆರೋಮ್ ಫ್ರ್ಯಾಂಕ್ ಮತ್ತವರ ಕೆಲವು ಸಂಗಡಿಗರು 1935ರ ಫೆಬ್ರುವರಿಯಲ್ಲಿ ಕೆಲಸ ಕಳೆದುಕೊಂಡರು. ಹತ್ತಿ ಸೀಮೆಯ ಒಡೆಯರಿಗೆ ಇಷ್ಟು ಸೂಚನೆ ಸಾಕಾಯಿತು.

ಇನ್ನು ಟ್ರ್ಯಾಕ್ಟರ್. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1924ರಲ್ಲಿ ಮಾರುಕಟ್ಟೆಗೆ ಬಿಟ್ಟ ಫಾರ್ಮಾಲ್ ಥರದ ಯಂತ್ರಗಳು ಬರೀ ಉಳುವುದಷ್ಟೇ ಅಲ್ಲ, ಸಾಲು ಬೆಳೆಯ ನಡುವೆ ನುಗ್ಗಿ ಎಡೆ ಹೊಡೆಯುವ ಕೆಲಸವನ್ನೂ ಮಾಡುತ್ತಿದ್ದವು. 1930ರಿಂದ 1940ರೊಳಗೆ ಟೆಕ್ಸಸ್‌ನಲ್ಲಿ ಟ್ರ್ಯಾಕ್ಟರ್‌ಗಳ ಸಂಖ್ಯೆ ಎರಡು ಪಟ್ಟನ್ನೂ ಮೀರಿ ಬೆಳೆಯಿತು. ದೇಶವೇ ದುಡ್ಡಿಲ್ಲದೆ ಒದ್ದಾಡುವಾಗ ಈ ಖರೀದಿಗೆ ಹಣ ಎಲ್ಲಿಂದ ಬಂತು ಎಂದು ಕೇಳಬಹುದು. ಒಕ್ಲಹೋಮಾದ ಒಬ್ಬ ಜಮೀನುದಾರ ಟೇಲರ್‌ಗೆ ಯಾವ ಮುಜುಗರವೂ ಇಲ್ಲದೆ ಹೇಳಿದ್ದಾನೆ: ಸರ್ಕಾರ ಕೊಟ್ಟ ದುಡ್ಡಿನಲ್ಲೇ ಟ್ರ್ಯಾಕ್ಟರ್ ಕೊಂಡೆ, ಗೇಣಿದಾರರನ್ನೆಲ್ಲ ಕಳಿಸಿಬಿಟ್ಟೆ, ಅವರನ್ನು ಉಳಿಸಿಕೊಳ್ಳುವುದೊಂದನ್ನು ಬಿಟ್ಟು ಸರ್ಕಾರ ಹೇಳಿದ್ದನ್ನೆಲ್ಲ ಮಾಡಿದ್ದೇನೆ, ಅವರಿಗೀಗ ಇರುವುದು ಎರಡೇ ದಾರಿ, ಕ್ಯಾಲಿಫೋರ್ನಿಯಾ ಇಲ್ಲವೇ ಸರ್ಕಾರಿ ಪರಿಹಾರ ಕಾಮಗಾರಿ.

ಯಂತ್ರ ಎಲ್ಲ ಕೆಲಸವನ್ನೂ ಕಿತ್ತುಕೊಂಡಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಹತ್ತಿ ಗಿಡ ತೆಳು ಮಾಡಿ ಕಳೆ ಕೀಳಲು, ಕೊನೆಗೆ ಹತ್ತಿ ಬಿಡಿಸಲು ಕೈಗಳೇ ಬೇಕಿತ್ತು. ವರ್ಷಕ್ಕೆ ಕೆಲವೇ ವಾರ. ಹಾಗಾಗಿ ನಿನ್ನೆ ಅದೇ ಹೊಲದಲ್ಲಿ ಮನೆ ಮಾಡಿಕೊಂಡಿದ್ದವನು ಇಂದು ಪಟ್ಟಣದಂಚಿನಿಂದ ದಿನಗೂಲಿಗೆ ಬರುವವನಾದ. ಬೀಜ, ಸಾಲ, ಬರ, ಬೆಲೆ ಎಲ್ಲದರ ಅಪಾಯವನ್ನು ಹಂಚಿಕೊಳ್ಳುತ್ತಿದ್ದ ಸಂಸಾರ ಒಡೆಯನಿಗೆ ಬೇಡವಾಯಿತು. ಬೇಕಾದಾಗ ಮಾತ್ರ ಸಿಗುವ ಕೈ ಸಾಕಾಯಿತು.

ಈಗ ಚಿತ್ರಕ್ಕೆ ಮರಳಿದರೆ ಆ ಸಾಲುಗಳು ಬೇರೆಯಾಗಿ ಕಾಣುತ್ತವೆ. ಅಂಗಳವನ್ನು ಉತ್ತದ್ದು ದುರಾಸೆಯ ಒಂದು ಕ್ಷಣದಲ್ಲಲ್ಲ. ಟ್ರ್ಯಾಕ್ಟರ್‌ಗೆ ಉದ್ದ ಸಾಲು ಲಾಭ, ತಿರುಗಿದಷ್ಟೂ ನಷ್ಟ. ಮನೆ, ಹಿತ್ತಲು, ಬೇಲಿ ಅದಕ್ಕೆ ಅಡ್ಡಿಗಳು. ಲ್ಯಾಂಗ್ ಮನೆಯ ಹತ್ತಿರ ಹೋಗಿ ಮುರಿದ ಕಿಟಕಿ, ಬಿಟ್ಟುಹೋದ ಗೊಂಬೆ ಹುಡುಕಲಿಲ್ಲ. ದೂರ ನಿಂತು ಚೌಕಟ್ಟಿನ ಬಹುಭಾಗವನ್ನು ಉಳುಮೆಗೇ ಬಿಟ್ಟುಕೊಟ್ಟರು. ಕಾರಣವನ್ನೂ ಪರಿಣಾಮವನ್ನೂ ಒಂದೇ ಚೌಕಟ್ಟಿಗೆ ತರುವುದು ಛಾಯಾಗ್ರಹಣದಲ್ಲಿ ಅಪರೂಪ, ಏಕೆಂದರೆ ಕಾರಣಗಳು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಬಡ್ಡಿ ದರದ ಚಿತ್ರ ತೆಗೆಯುವುದು ಹೇಗೆ? ಇಲ್ಲಿ ಮಾತ್ರ ಕಾರಣ ನೆಲದ ಮೇಲೇ ಗೀಚಿಕೊಂಡಿತ್ತು.

ಇನ್ನೊಂದು ವಿಚಿತ್ರ. ಒಡೆಯರಿಗೆ ಹಣ ಹಂಚುತ್ತಿದ್ದ ಕಚೇರಿಯೂ, ಲ್ಯಾಂಗ್ ಅವರ ಚಿತ್ರಗಳನ್ನು ಕಡತಕ್ಕೆ ಸೇರಿಸಿಕೊಳ್ಳುತ್ತಿದ್ದ ಕಚೇರಿಯೂ ಆ ಹೊತ್ತಿಗೆ ಒಂದೇ ಕೃಷಿ ಇಲಾಖೆಯವು. ಇಲಾಖೆಯ ಎಡಗೈ ಖಾಲಿ ಮಾಡಿಸಿದ ಮನೆಯನ್ನು ಬಲಗೈ ದಾಖಲಿಸಿತು. ಆದರೆ ಅಡಿಬರಹದಲ್ಲಿ 'ಯಂತ್ರದ ಬೇಸಾಯ' ಎಂದಿದೆಯೇ ಹೊರತು ಸರ್ಕಾರದ ಹಣದ ಮಾತಿಲ್ಲ. ಇದನ್ನು ಲ್ಯಾಂಗ್ ಅವರ ಅಂಜಿಕೆ ಎಂದು ನಾನು ಓದುವುದಿಲ್ಲ, ಸರ್ಕಾರಿ ಕಡತದ ಮಿತಿ ಎಂದು ಓದುತ್ತೇನೆ. ಟೇಲರ್ ತಮ್ಮ ವರದಿಯಲ್ಲಿ ಅದನ್ನು ಬರೆದರು. ಇಬ್ಬರೂ ಸೇರಿ 1939ರಲ್ಲಿ ತಂದ ಪುಸ್ತಕದಲ್ಲಿ ಚಿತ್ರಗಳ ಪಕ್ಕಕ್ಕೆ ಜನರ ಮಾತುಗಳನ್ನೇ ಇಟ್ಟರು.

ಆ ಮನೆಯಿಂದ ಹೋದವರು ಯಾರು ಎಂದು ಚಿಲ್ಡ್ರೆಸ್‌ನ ಚಿತ್ರ ಹೇಳುವುದಿಲ್ಲ. ಅದರ ಉತ್ತರದಂತೆ ಇರುವ ಚಿತ್ರವೊಂದನ್ನು ಲ್ಯಾಂಗ್ ಹಿಂದಿನ ವರ್ಷವೇ ಪಕ್ಕದ ಹಾರ್ಡೆಮನ್ ಕೌಂಟಿಯಲ್ಲಿ ತೆಗೆದಿದ್ದರು. ಭೂಮಿ ಕಳೆದುಕೊಂಡ ಗೇಣಿದಾರರ ಒಂದು ಗುಂಪು, ಗಟ್ಟಿಮುಟ್ಟಾದ ಬಿಳಿಯ ಗಂಡಸರು, ಒಂದು ಮನೆಯ ಮುಂದೆ ಸುಮ್ಮನೆ ನಿಂತಿದ್ದಾರೆ. ಅಡಿಬರಹ ತಣ್ಣಗಿದೆ: ಅವರಲ್ಲಿ ಎಲ್ಲರಿಗಿಂತ ಹಿರಿಯನಿಗೆ 33 ವರ್ಷ, ಟೆಕ್ಸಸ್‌ನ ತಲೆಗಂದಾಯದಿಂದಾಗಿ (ಅದನ್ನು ಕಟ್ಟದವರಿಗೆ ಮತವಿಲ್ಲ) ಒಬ್ಬರಿಗೂ ಮತ ಹಾಕಲು ಆಗದು, ಎಲ್ಲರೂ ಪರಿಹಾರ ಕಾಮಗಾರಿಯ ಮೇಲಿದ್ದಾರೆ, ತಿಂಗಳಿಗೆ 22.80 ಡಾಲರ್‌ನಲ್ಲಿ ಒಬ್ಬೊಬ್ಬರೂ ಸರಾಸರಿ ನಾಲ್ವರನ್ನು ಸಾಕುತ್ತಾರೆ. ಮತದ ಮಾತು ಅಲ್ಲಿ ಬಂದದ್ದನ್ನು ನೋಡಿ. ನಿಯಮ ಬದಲಿಸಬಲ್ಲ ರಾಜಕಾರಣಿಗೆ ಇವರ ಭಯವಿಲ್ಲ ಎಂಬುದನ್ನು ಅರ್ಧ ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಖಾಲಿ ಮನೆ ಮತ್ತು ಈ ಗುಂಪು, ಎರಡನ್ನೂ ಅಕ್ಕಪಕ್ಕ ಇಡದೆ ಪ್ರದರ್ಶಿಸುವವರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ.

ಕೋಲ್ಡ್‌ವಾಟರ್‌ನ ಕಥೆ ಬೇರೆ. ಮೊದಲ ಮಹಾಯುದ್ಧದ ಹೊತ್ತಿಗೆ ಗೋಧಿ ಬುಶೆಲ್‌ಗೆ 2 ಡಾಲರ್ ದಾಟಿದಾಗ ಅಲ್ಲಿನ ಹುಲ್ಲುಗಾವಲನ್ನು ಅಗೆದು ಬಿತ್ತುವುದು ಶುರುವಾಗಿತ್ತು. ಮಣ್ಣನ್ನು ಹಿಡಿದಿಟ್ಟಿದ್ದೇ ಆ ಹುಲ್ಲಿನ ಬೇರು. ಬೆಲೆ ಬಿದ್ದಿತು, 1930ರ ದಶಕದಲ್ಲಿ ಬರ ಬಂತು, ಬರಿದಾದ ಹೊಲಗಳಿಂದ ಮಣ್ಣು ಎದ್ದಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿಯನ್ನು ಅಮೆರಿಕದವರು ಇಂದಿಗೂ ಕಪ್ಪು ಭಾನುವಾರ ಎನ್ನುತ್ತಾರೆ. ಆ ವಸಂತದಲ್ಲೇ ಡಾಲ್ಹಾರ್ಟ್‌ನ ಪತ್ರಿಕೆಯ ಸಂಪಾದಕ ಜಾನ್ ಮೆಕಾರ್ಟಿ, ಏನೇ ಆದರೂ ಊರು ಬಿಡೆವು ಎಂದು ಸಹಿ ಹಾಕಿದವರ 'ಕೊನೆಯ ಮನುಷ್ಯರ ಸಂಘ' ಕಟ್ಟಿದರು. ಅವರೇ ಆಮೇಲೆ ಬೇರೆ ಕೆಲಸ ಸಿಕ್ಕಿ ಅಮರಿಲ್ಲೊಗೆ ಹೋದರು ಎಂಬುದು ಬೇರೆ ಮಾತು. ಆದರೂ ಧೂಳಿನ ಸೀಮೆಯ ಹೆಚ್ಚಿನ ಜನ ಉಳಿದೇ ಇದ್ದರು. ಕೆಲವರಿಗೆ ಸ್ವಂತ ಜಮೀನಿನ ಹಂಬಲ, ಕೆಲವರಿಗೆ ಹೋಗಲು ಜಾಗವಿಲ್ಲ. ಕ್ಯಾಲಿಫೋರ್ನಿಯಾದ ದಾರಿ ಹಿಡಿದವರಲ್ಲಿ ಬಹುಪಾಲು ಧೂಳಿನ ನಡುಸೀಮೆಯವರಲ್ಲ, ಹತ್ತಿ ಸೀಮೆಗಳಿಂದ ಮತ್ತು ಪಟ್ಟಣಗಳಿಂದ ಹೊರಟವರು. ಧೂಳು ನಾಟಕೀಯ, ಗೇಣಿ ಕರಾರು ನೀರಸ. ಹಾಗಾಗಿ ಜನಮನಸ್ಸಿನಲ್ಲಿ ಧೂಳೇ ಎಲ್ಲರನ್ನೂ ಓಡಿಸಿತು. ಚಿಲ್ಡ್ರೆಸ್‌ನ ಮನೆಯೂ ಎಷ್ಟೋ ಕಡೆ ಧೂಳಿನ ಕಾಲದ ಚಿತ್ರವೆಂದೇ ಅಂತರ್ಜಾಲದಲ್ಲಿ ಸುತ್ತುತ್ತದೆ.

ಅಡಿಬರಹ ಕಳಚಿಹೋದ ಚಿತ್ರ ಯಾರು ಕರೆದರೂ ಹೋಗುವ ದಾರಿತಪ್ಪಿದ ಕರುವಿನ ಹಾಗೆ. ಸ್ಟ್ರೈಕರ್ ಅವರ ವಿಭಾಗಕ್ಕೆ ಈ ಪಾಠ 1936ರಲ್ಲೇ ಆಗಿತ್ತು. ಆ ಮೇ ತಿಂಗಳಲ್ಲಿ ರಾತ್‌ಸ್ಟೀನ್ ದಕ್ಷಿಣ ಡಕೋಟಾದಲ್ಲಿ ದನದ ತಲೆಬುರುಡೆಯೊಂದನ್ನು ಬಿರುಕು ಬಿಟ್ಟ ನೆಲದ ಮೇಲಿಟ್ಟು ಚಿತ್ರ ತೆಗೆದರು. ಬೆಳಕು ನೆರಳಿಗಾಗಿ ಅದನ್ನು ಸುಮಾರು ಹತ್ತು ಅಡಿ ಆಚೀಚೆ ಸರಿಸಿದ್ದರು. ಬರದ ಸಂಕೇತವಾಗಿ ಅದು ಪತ್ರಿಕೆಗಳಲ್ಲಿ ಹರಡಿತು. ಆಗಸ್ಟ್‌ನಲ್ಲಿ ರೂಸ್‌ವೆಲ್ಟ್ ರೈಲಿನಲ್ಲಿ ಬರಪೀಡಿತ ರಾಜ್ಯಗಳಿಗೆ ಬರುವ ಹೊತ್ತಿಗೆ ಸರಿಯಾಗಿ ಉತ್ತರ ಡಕೋಟಾದ ಫಾರ್ಗೊ ಫೋರಮ್ ಪತ್ರಿಕೆ ಇದು ನಕಲಿ ಎಂದು ಮುಖಪುಟದಲ್ಲಿ ಕೂಗೆಬ್ಬಿಸಿತು. ಚುನಾವಣೆಯ ವರ್ಷ ಬೇರೆ. ಬರ ಸುಳ್ಳಾಗಿರಲಿಲ್ಲ, ಬುರುಡೆಯೂ ನಿಜದ್ದೇ. ಆದರೆ ಸರಿಸಿದ್ದು ಗೊತ್ತಾದ ಮೇಲೆ ಮಾತೆಲ್ಲ ಬುರುಡೆಯ ಸುತ್ತಲೇ ತಿರುಗಿತು, ಬರದ ಮಾತು ಹಿಂದೆ ಸರಿಯಿತು.

ಲ್ಯಾಂಗ್ ಅವರ ಅಡಿಬರಹಗಳೂ ದೇವರ ವಾಕ್ಯವಲ್ಲ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ತೆಗೆದ 'ವಲಸೆ ತಾಯಿ' ಅವರ ಅತ್ಯಂತ ಪ್ರಸಿದ್ಧ ಚಿತ್ರ. ಆ ತಾಯಿ ಮಕ್ಕಳು ಕಾರಿನ ಟಯರು ಮಾರಿ ಊಟಕ್ಕೆ ದಾರಿ ಮಾಡಿಕೊಂಡರು ಎಂದು ಲ್ಯಾಂಗ್ ಬರೆದದ್ದನ್ನು ಆ ಕುಟುಂಬ ಮುಂದೆ ಅಲ್ಲಗಳೆಯಿತು. ಅವಸರದಲ್ಲಿ, ಅವರ ಹೆಸರನ್ನೂ ಕೇಳದೆ ತೆಗೆದ ಚಿತ್ರ ಅದು. 1938ರ ಟೆಕ್ಸಸ್ ಪ್ರವಾಸದ ಕೆಲಸ ಹಾಗಲ್ಲ. ಟೇಲರ್ ಜತೆಗಿದ್ದು, ಹಿಂದಿನ ವರ್ಷ ಇದೇ ಸೀಮೆ ಸುತ್ತಿ, ಒಡೆಯರನ್ನೂ ಗೇಣಿದಾರರನ್ನೂ ಮಾತಾಡಿಸಿ ಬಂದವರ ಕೈ ಇದರಲ್ಲಿದೆ. ನಾನು 'ವಲಸೆ ತಾಯಿ'ಗಿಂತ ಈ ಖಾಲಿ ಮನೆಯನ್ನು ಹೆಚ್ಚು ನಂಬುವುದು ಇದಕ್ಕೇ.

ನಮ್ಮ ಕಡೆ ಇಂಥ ಕೆಲಸಕ್ಕೆ ಇಳಿಯುವವರಿಗೂ ಇದು ಒದಗುತ್ತದೆ. ರಾಯಚೂರು, ಯಾದಗಿರಿಯ ಹಳ್ಳಿಗಳಿಗೆ ಬೇಸಿಗೆಯಲ್ಲಿ ಹೋದರೆ ಬೀಗ ಜಡಿದ ಮನೆಗಳ ಸಾಲೇ ಸಿಗುತ್ತದೆ. ಒಂದು ಮನೆಯವರು ಗುಳೆ ಹೋಗಿದ್ದಾರೆ, ಮುಂಗಾರಿಗೆ ಬರುತ್ತಾರೆ. ಪಕ್ಕದ ಮನೆಯವರು ಜಮೀನು ಮಾರಿ ಬೆಂಗಳೂರಿನಲ್ಲೇ ನಿಂತಿದ್ದಾರೆ. ಮೂರನೆಯದರಲ್ಲಿ ಮುದುಕಿಯೊಬ್ಬಳು ಒಳಗೇ ಇದ್ದಾಳೆ. ಮೂರೂ ಬಾಗಿಲು ಕ್ಯಾಮೆರಾಕ್ಕೆ ಒಂದೇ. ಪಕ್ಕದ ಮನೆಯವರನ್ನು ಕೇಳಬೇಕು. ಹೊಲ ಈಗ ಯಾರು ಮಾಡುತ್ತಿದ್ದಾರೆ, ಯಾವ ವರ್ಷದಿಂದ, ಗೇಣಿಗೋ ಪಾಲಿಗೋ ಎಂದು ಕೇಳಿ, ಅಲ್ಲೇ ಬರೆದಿಟ್ಟುಕೊಳ್ಳಬೇಕು. ಇರುವವರ ಗುರುತು ಅವರಿಗೇ ತೊಂದರೆ ತರುವಂತಿದ್ದರೆ ಹೆಸರು ಬಿಡಬಹುದು, ಕಾರಣ ಬಿಡಬಾರದು. ಮತ್ತೆ, ಮನೆಯ ಚಿತ್ರ ತೆಗೆದ ಮೇಲೆ ಬೆನ್ನು ತಿರುಗಿಸಿ ಅದರ ಹೊಲದ್ದೂ ಒಂದು ಚಿತ್ರ ತೆಗೆಯಬೇಕು.

ಸ್ಟ್ರೈಕರ್ ಜತೆ ಲ್ಯಾಂಗ್‌ಗೆ ಕೊನೆಯವರೆಗೂ ಸರಿಹೋಗಲಿಲ್ಲ. ನೆಗೆಟಿವ್ ಯಾರ ಬಳಿ ಇರಬೇಕು, ಪ್ರಿಂಟು ಯಾರು ಹಾಕಬೇಕು ಎಂದು ತಕರಾರು ನಡೆದೇ ಇತ್ತು. ಹಣ ಕಡಿಮೆಯಾದಾಗ ಸ್ಟ್ರೈಕರ್ ಮೊದಲು ಕೆಲಸದಿಂದ ಬಿಡಿಸುತ್ತಿದ್ದುದು ಲ್ಯಾಂಗ್ ಅವರನ್ನೇ. 1939ರ ಕೊನೆಗೆ ಪೂರ್ತಿಯಾಗಿ ಬಿಡಿಸಿದರು. 1942ರಲ್ಲಿ ಇಡೀ ವಿಭಾಗ ಯುದ್ಧ ಮಾಹಿತಿ ಕಚೇರಿಗೆ ಸೇರಿ, ಸುಮಾರು 1,75,000 ಕಪ್ಪು ಬಿಳುಪು ನೆಗೆಟಿವ್‌ಗಳು ಕಡೆಗೆ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಸರ್ಕಾರಿ ನೌಕರರು ತೆಗೆದ ಚಿತ್ರಗಳಾದ್ದರಿಂದ ಹಕ್ಕಿನ ತೊಡಕಿಲ್ಲ, ಯಾರು ಬೇಕಾದರೂ ಮೂಲ ಅಡಿಬರಹದ ಸಮೇತ ಇಳಿಸಿಕೊಳ್ಳಬಹುದು.

1930ರಲ್ಲಿ 16,000 ದಾಟಿದ್ದ ಚಿಲ್ಡ್ರೆಸ್ ಕೌಂಟಿಯ ಜನಸಂಖ್ಯೆ 1940ರ ಗಣತಿಗೆ 12,000 ಆಸುಪಾಸಿಗೆ ಇಳಿಯಿತು. ಡಾಲ್ಹಾರ್ಟ್ ಇರುವ ಡಾಲಮ್ ಕೌಂಟಿಯಲ್ಲಿ ಗಾಳಿಗೆ ಹಾಳಾದ ಜಮೀನುಗಳನ್ನು ಸರ್ಕಾರವೇ ಕೊಂಡು ಹುಲ್ಲು ಬಿತ್ತಿಸಿತು. ಅದರ ಒಂದು ಭಾಗ ಈಗ ರೀಟಾ ಬ್ಲಾಂಕಾ ರಾಷ್ಟ್ರೀಯ ಹುಲ್ಲುಗಾವಲು, ಅಲ್ಲಿ ಪರವಾನಗಿ ಪಡೆದು ದನ ಮೇಯಿಸುತ್ತಾರೆ.